ಏಳನೇ ನಂಬರಿನ ಹನ್ನೆರಡು ಮಂದಿ

ಬೀಡಿಯ ಜೊತೆ ಬರುತ್ತಿದ್ದ ಕಾರ್ಡುಗಳಿವು,
ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ, ಹತ್ತು ಕಟ್ಟಿಗೆ ಒಂದು.
ಉಪ್ಪಳದ ನವಜ್ಯೋತಿ ವಾಲಿಬಾಲ್ ತಂಡ.
ಮುಂದೆ ಮುಖ, ಹಿಂದೆ ಹೆಸರು ಮತ್ತು ಎತ್ತರ,
ಕನ್ನಡದಲ್ಲೊಮ್ಮೆ, ಮಲಯಾಳದಲ್ಲೊಮ್ಮೆ.
ಐತಪ್ಪ ಮಲಯಾಳದಲ್ಲಿ ಎರಡಿಂಚು ಹೆಚ್ಚು ಉದ್ದ.

ಎಲ್ಲರ ಎದೆಯ ಮೇಲೂ ಏಳು.
ಹೊಲಿದು ಬಂದದ್ದೇ ಒಂದು ಬನಿಯನು,
ಮಿಕ್ಕವು ಮಂಗಳೂರಿನ ದರ್ಜಿಯಲ್ಲಿ ಬಾಕಿ.
ಒಬ್ಬ ಬಿಚ್ಚಿ ಕೊಟ್ಟ, ಇನ್ನೊಬ್ಬ ತೊಟ್ಟ.
ಕೊನೆಯವನ ಸರದಿಗೆ ಅದು
ಹನ್ನೊಂದು ಜನರ ಬೆವರು ಕುಡಿದಿತ್ತು.
ವಲೇರಿಯನ್ ಕ್ರಾಸ್ತಾ ಉಸಿರು ಕಟ್ಟಿ
ಕೆನ್ನೆ ಉಬ್ಬಿಸಿ ನಿಂತದ್ದು
ಶೌರ್ಯಕ್ಕಲ್ಲ.

ದೂಮಣ್ಣನ ಹೊಟ್ಟೆಯನ್ನು ದಾಟಲಾರದೆ
ಬನಿಯನು ಹೊಕ್ಕುಳ ಮೇಲೆಯೇ ನಿಂತಿದೆ,
ಕಾಗದ ಸರಿಯಿಲ್ಲದ ಲಾರಿ
ತಲಪಾಡಿ ಗೇಟಿನಲ್ಲಿ ನಿಂತ ಹಾಗೆ.
ಕುಂಞಂಬುವಿಗೆ ಅದನ್ನೇ ಬೆನ್ನ ಹಿಂದೆ
ಬಟ್ಟೆ ಒಣಗಿಸುವ ನಾಲ್ಕು ಕ್ಲಿಪ್ಪು ಹಾಕಿ ಬಿಗಿದಿದ್ದಾರೆ.
ಒಂದು ಕ್ಲಿಪ್ಪು ಹೆಗಲಾಚೆಯಿಂದ ಇಣುಕಿ
ಕ್ಯಾಮೆರಾ ನೋಡುತ್ತಿದೆ,
ಅವನಿಗಿಂತ ಧೈರ್ಯವಾಗಿ.

ಪಾಂಡೋಜಿ ರಾಯರ ಸ್ಟುಡಿಯೋ.
ಪರದೆಯಲ್ಲಿ ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಮೆಟ್ಟಿಲು.
ಅದರ ಮುಂದೆ ಮದುಮಕ್ಕಳು ನಿಂತಿದ್ದರು,
ತೊಟ್ಟಿಲ ಕೂಸು ಕವುಚಿ ಮಲಗಿತ್ತು.
ಹಾರಿದವರು ಯಾರೂ ಇರಲಿಲ್ಲ.
"ಕಣ್ಣು ಮುಚ್ಚಬೇಡ" ಎಂದು ರಾಯರು
ಕನ್ನಡದಲ್ಲಿ ಹೇಳಿದರೆ ಮುಚ್ಚಿದರು,
ತುಳುವಿನಲ್ಲಿ ಹೇಳಿದರೆ ಇನ್ನೂ ಗಟ್ಟಿ ಮುಚ್ಚಿದರು.
ಸಿಟ್ಟು ನೆತ್ತಿಗೇರಿದಾಗ ರಾಯರ ಬಾಯಿಗೆ
ಮನೆಯ ಮರಾಠಿ ಬರುತ್ತಿತ್ತು.
ಒಬ್ಬೊಬ್ಬನೂ ಕಣ್ಣಗಲಿಸಿದ.
ಕ್ಲಿಕ್.
ಹೀಗೆ ನಮ್ಮ ಇಡೀ ತಂಡ
ಗುಳಿಗನನ್ನು ಕಂಡವರ ಹಾಗೆ ಅಚ್ಚಾಯಿತು.

ಮಮ್ಮುಂಞಿಯನ್ನು ಬಿಟ್ಟು.
ಅವನು ಹೇಳುವ ಮೊದಲೇ ಹಾರಿದ್ದ.
ಗಲ್ಲದಿಂದ ಕೆಳಗೆ ಎಲ್ಲ ಸರಿಯಾಗಿ ಬಂದಿದೆ,
ತಲೆ ಚೌಕಟ್ಟಿನಾಚೆ.
ಅವನ ಉಮ್ಮ ಅದಕ್ಕೇ ಗಾಜು ಹಾಕಿಸಿ ತೂಗಿದರು.
"ಮೊಣಕಾಲು ನೋಡಿದರೆ ಸಾಕಲ್ಲ,
ನಮ್ಮ ಹುಡುಗ ಅಂತ ಗೊತ್ತಾಗುದಿಲ್ವಾ?"

ಚೆಂದ ಬಂದವನೆಂದರೆ ಸೀತಾರಾಮ ಬಲ್ಲಾಳ ಒಬ್ಬ.
ಬೈತಲೆ, ಪೌಡರು, ಮುಗುಳುನಗು.
ಶಾಲೆಯ ಹಿಂದಿನ ನಮ್ಮ ಪೇಟೆಯಲ್ಲಿ
ಐದು ಬಲ್ಲಾಳ ಕೊಟ್ಟರೂ ಒಂದು ದೂಮಣ್ಣ ಸಿಗುತ್ತಿರಲಿಲ್ಲ.
ಪಾಪ, ಅವನಿಗೂ ಅದು ಗೊತ್ತಾಗಿ
ಆಮೇಲೆ ಕನ್ನಡಿಯೆದುರು
ಬಾಯಿ ಸೊಟ್ಟ ಮಾಡಲು ಕಲಿಯುತ್ತಿದ್ದನಂತೆ.

ಆ ವರ್ಷ ಅವರು ಆಡಿದ್ದು ಮೂರು ಪಂದ್ಯ.
ಎಷ್ಟು ಗೆದ್ದರೆಂದು ಕಾರ್ಡಿನಲ್ಲಿ ಬರೆದಿಲ್ಲ,
ನಾನೂ ಬರೆಯುವುದಿಲ್ಲ.

ಮೊನ್ನೆ ಬಂದ್ಯೋಡಿನ ಹುಡುಗನೊಬ್ಬ
ಒಂದೊಂದನ್ನೇ ಬೆಳಕಿಗೆ ಹಿಡಿದು
"ಎಲ್ಲದರಲ್ಲೂ ಚೆಂಡು ಮಸುಕು ಅಲ್ವಾ!
ಆಗಿನವರ ಹೊಡೆತ ಅಂದರೆ ಎಂಥದ್ದು ಮಾರಾಯ್ರೆ!" ಎಂದ.
ನಾನು ಹೌದೆಂದು ತಲೆಯಾಡಿಸಿದೆ.

ಹೊಡೆತವಲ್ಲ ಮಗಾ.
ಚೆಂಡನ್ನು ಗಾಳದ ಕೋಲಿಗೆ ಕಟ್ಟಿ
ಏಣಿಯ ಮೇಲೆ ನಿಲ್ಲಿಸಿದ್ದರು ನನ್ನನ್ನು,
ರಾಯರ ಪಕ್ಕದ ಮನೆಯ ಒಂಬತ್ತರ ಹುಡುಗಿ.
"ಕೋಲು ಅಲುಗಿದರೆ ಚಾಕಲೇಟಿಲ್ಲ."
ಕೆಳಗೆ ಕ್ಲಿಪ್ಪು, ಹೊಕ್ಕುಳು, ಹಂಸ, ಮರಾಠಿ.
ತುಟಿ ಕಚ್ಚಿ ಹಿಡಿದೆ.
ಬಾಯಲ್ಲಿ ತಡೆದದ್ದು ಹೆಗಲಿಗೆ ಇಳಿಯಿತು,
ಹೆಗಲಿಂದ ಕೈಗೆ, ಕೋಲಿಗೆ, ನೂಲಿಗೆ,
ನೂಲಿನ ತುದಿಯಲ್ಲಿ
ಚೆಂಡು ಗಡಗಡ ನಡುಗಿತು,
ಹನ್ನೆರಡು ಸಲ.

ಚಾಕಲೇಟು ಕೊಡಲಿಲ್ಲ.